ಒಂದು ಬೆರಳಗಲದ ಮರ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸೊಟ್ಟ ಕಂಡರೆ ಆಗುವುದಿಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಅವರ ಗೋಡೆಯ ಫೋಟೋ ನೆಟ್ಟಗೆ ಮಾಡುತ್ತೇನೆ. ಒಂದು ಸಲ ಬ್ಯಾಂಕಿನಲ್ಲಿ ಕ್ಯಾಲೆಂಡರ್ ಸರಿಮಾಡಲು ಹೋಗಿ ಕಾವಲಿನವನ ಕೈಲಿ ಬೈಸಿಕೊಂಡೂ ಬಂದಿದ್ದೇನೆ. ಮೂವತ್ತನಾಲ್ಕು ವರ್ಷದಿಂದ ಫೋಟೋ, ಚಿತ್ರಗಳಿಗೆ ಕಟ್ಟು ಹಾಕುವುದೇ ನನ್ನ ಕಸುಬು. ಕಟ್ಟು ಮುಗಿದ ಮೇಲೆ ಮೂಲೆ ನೆಟ್ಟಗಿದೆಯಾ ಎಂದು ನೋಡುವ ಮೂಲೆಮಟ್ಟವನ್ನು ನಾಲ್ಕೂ ಕಡೆ ಇಟ್ಟು ಕಿಟಕಿಯ ಕಡೆ ಹಿಡಿಯುತ್ತೇನೆ. ಮರಕ್ಕೂ ಮಟ್ಟಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಸರಿ, ಬಿಚ್ಚಿ ಮತ್ತೆ ಮಾಡುವುದೇ. "ಬೆಳಕು ಕಂಡರೆ ಕೆಲಸ ಕೆಟ್ಟಿತು" ಎನ್ನುವ ನನ್ನ ಮಾತು ಕೇಳಿ ಕೇಳಿ ಹೆಂಡತಿಗೆ ಸಾಕುಸಾಕಾಗಿದೆ.

ಅವಳು ಒಂಬತ್ತನೇ ನಂಬರ್ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಮೂವತ್ತೊಂದು ವರ್ಷ ಚೀಲ ನೇತುಹಾಕಿಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತೇ ಇದ್ದವಳು. ನಮ್ಮಿಬ್ಬರ ಪರಿಚಯವಾದದ್ದೂ ಅದೇ ಬಸ್ಸಿನಲ್ಲಿ. ಆಗ ನಾನು ಹೊಸದಾಗಿ ಅಂಗಡಿ ಇಟ್ಟಿದ್ದೆ. ಕಟ್ಟಿಗೆ ಬೇಕಾದ ಮರದ ಕೋಲುಗಳನ್ನು, ಎಂಟೆಂಟು ಅಡಿ ಉದ್ದದವು, ಸಾಮಿಲ್ಲಿನ ಸ್ಟಾಪಿನಲ್ಲಿ ಹತ್ತಿಸಿಕೊಂಡು ಬರುತ್ತಿದ್ದೆ. ಅವಳು ಪ್ರತಿ ಸಲವೂ ಬಿಡದೆ ಲಗೇಜ್ ಟಿಕೆಟ್ ಹರಿಯುತ್ತಿದ್ದಳು.

"ಕೈಯಲ್ಲಿ ಹಿಡಿದಿರೋದು ಲಗೇಜ್ ಹೇಗ್ರೀ ಆಗುತ್ತೆ?" ಎಂದು ಜಗಳಕ್ಕೆ ನಿಂತೆ ಒಂದು ದಿನ.

"ಎಂಟಡಿ ಉದ್ದದ ಕೈ ನಿಮಗಿದ್ರೆ ಟಿಕೆಟ್ ಬೇಡ ಬಿಡಿ," ಎಂದಳು.

ಬಸ್ಸಿಗೆ ಬಸ್ಸೇ ನಕ್ಕಿತು. ಅವತ್ತಿಂದ ನಾನು ಅವಳಿಗೆ 'ಕೋಲಿನವರು' ಆದೆ. "ಕೋಲಿನವರೇ, ಹಿಂದಕ್ಕೆ ಹೋಗಿ," "ಕೋಲಿನವರೇ, ಆ ಅಜ್ಜನ ಕಣ್ಣು ಜೋಪಾನ." ಎರಡು ವರ್ಷ ಹೀಗೇ ಕಚ್ಚಾಡಿ ಕೊನೆಗೆ ಮದುವೆಯಾದೆವು. ಆಮೇಲೆ ಕೋಲುಗಳು ಲಾರಿಯಲ್ಲಿ ಅಂಗಡಿ ಬಾಗಿಲಿಗೇ ಬರತೊಡಗಿದವು. ನಾನು ಆ ಹೆಸರನ್ನೂ ಮರೆತೆ.

ನಿವೃತ್ತಿಯಾದ ಮೇಲೆ ಅವಳು ಸುಮ್ಮನೆ ಮನೆಯಲ್ಲಿ ಕೂರುವವಳಲ್ಲ. ಲೈಬ್ರರಿಯ ಮಹಡಿಯಲ್ಲಿ ದೊಡ್ಡವರಿಗೆ ಚಿತ್ರಕಲೆ ಹೇಳಿಕೊಡುತ್ತಾರೆ ಎಂದು ತಿಳಿದು ಸೇರಿಕೊಂಡಳು. ಮೊದಲನೇ ಚಿತ್ರ ತಂದು ತೋರಿಸಿದಾಗ ನಾನು, ಬಾಯಿಗೆ ಬೀಗ ಇಲ್ಲದವನು, "ಇದೇನು, ಹೂಕೋಸಾ?" ಎಂದು ನಕ್ಕುಬಿಟ್ಟೆ. ಅದು ಮರವಂತೆ. ನಾಲ್ಕು ತಿಂಗಳು ಅವಳು ಕುಂಚ ಮುಟ್ಟಲಿಲ್ಲ. ಆಮೇಲೆ ಮತ್ತೆ ಶುರುಮಾಡಿದಳು, ಆದರೆ ಬರೆದದ್ದನ್ನೆಲ್ಲ ಮಂಚದ ಕೆಳಗೆ ತಳ್ಳುತ್ತಿದ್ದಳು. ನಾನು ಕೇಳಲಿಲ್ಲ, ಅವಳು ತೋರಿಸಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಿತ್ತು. ಗೊತ್ತಿದ್ದೂ ಬಾಯಿಬಿಟ್ಟು ಹೇಳಲಾಗಲಿಲ್ಲ, ಅಷ್ಟು ಜಂಬ ನನಗೆ.

ಹೋದ ಸೋಮವಾರ ಅವಳು ಅಂಗಡಿಗೇ ಬಂದಳು. ಮನೆಯಲ್ಲಿ ಕೊಡಬಹುದಿತ್ತು, ಕೊಡಲಿಲ್ಲ. ಗಿರಾಕಿಗಳ ಹಾಗೆ ಮೇಜಿನ ಆಚೆ ನಿಂತು, ಸುರುಳಿ ಬಿಚ್ಚಿ ಒಂದು ದಪ್ಪ ಹಾಳೆ ಹರಡಿದಳು.

"ಭಾನುವಾರ ಲೈಬ್ರರಿಯಲ್ಲಿ ಪ್ರದರ್ಶನ ಇದೆ. ನನ್ನ ಚಿತ್ರಾನೂ ಆರಿಸಿದ್ದಾರೆ. ಇದಕ್ಕೊಂದು ಕಟ್ಟು ಬೇಕು. ಹೇಗಿದೆಯೋ ಹಾಗೇ ಹಾಕಿ."

ನಾನು ನೋಡಿದೆ. ಹಸಿರು ತ್ರಿಕೋನ, ಕಂದು ಚೌಕ, ಮುರಿದ ಗಾಜಿನ ಚೂರುಗಳ ಹಾಗೆ ಒಂದರ ಮೇಲೊಂದು. ನಡುನಡುವೆ ನೆಟ್ಟಗೆ ಹಳದಿ ಗೆರೆ. ಒಂದು ಕಡೆ ಕಾಂಡ, ಅದಕ್ಕೆ ಸಂಬಂಧವೇ ಇಲ್ಲದ ಕಡೆ ಕೊಂಬೆ. ತಲೆಬುಡ ತಿಳಿಯಲಿಲ್ಲ.

"ಏನಿದು?" ಎಂದೆ, ಆದಷ್ಟು ಮೆತ್ತಗೆ.

"ಮರಗಳು. ಇದಕ್ಕೆ ಕ್ಯೂಬಿಸಂ ಅಂತಾರೆ. ಒಂದೇ ವಸ್ತೂನ ನಾಲ್ಕಾರು ಕಡೆಯಿಂದ ನೋಡಿ ಒಂದೇ ಹಾಳೆ ಮೇಲೆ ಇಡೋದು." ಸುರುಳಿಯಾಗುತ್ತಿದ್ದ ಹಾಳೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಹೇಳಿದಳು, "ನಗಬೇಡಿ. ಈ ಸಲ ನೀವು ಇದನ್ನ ಕೆಡಿಸಿದ್ರೆ ಕುಂಚ ಎತ್ತಿಟ್ಟುಬಿಡ್ತೀನಿ. ಅರವತ್ತು ದಾಟಿದೆ ನನಗೆ. ಇನ್ನೊಂದು ಸಲ ಧೈರ್ಯ ತಂದುಕೊಳ್ಳೋಕೆ ಕೈಲಾಗಲ್ಲ."

ನಾನು ನಗಲಿಲ್ಲ. ತುಟಿ ಬಿಗಿಹಿಡಿದು, ಚೀಟಿ ಬರೆದು, ಕೈಗೆ ಕೊಟ್ಟೆ. ನಗದೇ ಇದ್ದುದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೆಲಸಕ್ಕೆ ಕೈ ಹಾಕಿದ್ದು ಬುಧವಾರ. ಹಾಳೆಯನ್ನು ಮೇಜಿಗೆ ಹಾಸಿ ಮೂಲೆಮಟ್ಟ ಇಟ್ಟೆ. ಎಡಗಡೆ ಎರಡೂ ಮೂಲೆ ಸರಿ. ಬಲಗಡೆ ಅಂಚು ಮಾತ್ರ ಸೊಟ್ಟ, ಮೇಲೆ ಹೋಗ್ತಾ ಹೋಗ್ತಾ ಆಚೆಗೆ ವಾಲಿತ್ತು. ದೊಡ್ಡ ಹಾಳೆಯಿಂದ ಕತ್ತರಿಸುವಾಗ ಕೈ ತಪ್ಪಿರಬೇಕು ಎಂದುಕೊಂಡೆ. ಆ ಅಂಚಿನಲ್ಲಿ ಇದ್ದದ್ದೂ ಅಷ್ಟೇನಲ್ಲ, ಒಂದು ಕಂದು ಗೀಟು, ಅದರ ಪಕ್ಕದಲ್ಲಿ ಒರೆಸಿದ ಹಾಗೆ ಸ್ವಲ್ಪ ನೀಲಿ. ಬಣ್ಣ ಉಳಿದದ್ದನ್ನು ಅಲ್ಲಿ ಬಳಿದಿದ್ದಾಳೆ ಅನ್ನಿಸಿತು. "ಹೇಗಿದೆಯೋ ಹಾಗೇ ಹಾಕಿ" ಎಂದು ಎಲ್ಲ ಗಿರಾಕಿಗಳೂ ಹೇಳುತ್ತಾರೆ. ಸೊಟ್ಟ ಹಾಕಿ ಕೊಟ್ಟರೆ ಅವರೇ ಬಂದು ಜಗಳ ಮಾಡುತ್ತಾರೆ. ಮೂಲೆಯ ವಿಚಾರ ಗಿರಾಕಿಗಳಿಗೆ ತಿಳಿಯುವುದಿಲ್ಲ, ಅದು ನಮ್ಮ ಕೆಲಸ. ಉಕ್ಕಿನ ಪಟ್ಟಿ ಇಟ್ಟು, ಚಾಕು ಎಳೆದೆ. ಮೇಲೆ ಒಂದೂವರೆ ಬೆರಳು, ಕೆಳಗೆ ಅರ್ಧ ಬೆರಳು ಹೋಯಿತು. ಅಂಚು ಶುದ್ಧವಾಗಿ ಬರಲಿ ಎಂದು ಆ ಅರ್ಧ ಬೆರಳು ನಾನು ಯಾವಾಗಲೂ ಒಳಗೇ ತೆಗೆದುಕೊಳ್ಳುತ್ತೇನೆ.

ಪ್ರೀತಿಯಿಂದಲೇ ಮಾಡಿದೆ, ಅದನ್ನೂ ಹೇಳಬೇಕು. ಅಂಗಡಿಯಲ್ಲಿದ್ದ ಒಳ್ಳೇ ಕೋಲನ್ನೇ ಆರಿಸಿದೆ. ಕಟ್ಟು ಮುಗಿಸಿ ಮಟ್ಟ ಇಟ್ಟರೆ ನಾಲ್ಕೂ ಮೂಲೆಯಲ್ಲಿ ಒಂದು ಚೂರೂ ಬೆಳಕಿಲ್ಲ. ಇವಳು ನೋಡಿ ಖುಷಿಪಡುತ್ತಾಳೆ ಎಂದು ಒಬ್ಬನೇ ಸಿಳ್ಳೆ ಹಾಕಿಕೊಂಡು ಮನೆಗೆ ಹೋದೆ.

ಗುರುವಾರ ಬೆಳಗ್ಗೆ ಕ್ಲಾಸಿನ ಟೀಚರ್ ಅಂಗಡಿಗೆ ಬಂದರು. ಚಿಕ್ಕ ವಯಸ್ಸಿನವರು, ಮಾತಿಗೆ ಮುಂಚೆ ನಗು. ಪ್ರದರ್ಶನದ ಚಿತ್ರಗಳ ಅಳತೆ ಬರೆದುಕೊಂಡು ಹೋಗುವುದಿತ್ತಂತೆ. ನಾನು ಹೆಮ್ಮೆಯಿಂದ ಬಟ್ಟೆ ಸರಿಸಿ ತೋರಿಸಿದೆ. ಅವರು ನೋಡಿದರು. ನಗು ನಿಂತಿತು.

"ಬಲಗಡೆ ಒಂದು ಕೋಲಿತ್ತಲ್ಲ, ಎಲ್ಲಿ?" ಎಂದರು.

"ಯಾವ ಕೋಲು?"

"ಅಂಚಿಗೆ, ಉದ್ದಕ್ಕೆ. ಮರದ ಕೋಲು." ಅವರು ಕೈಲಿದ್ದ ಚೀಟಿ ತೆಗೆದು ಓದಿದರು. "ಚಿತ್ರದ ಹೆಸರು ನೋಡಿ, 'ಒಂಬತ್ತನೇ ನಂಬರಿನ ಮರಗಳು, ಕೋಲಿನವರ ಸಮೇತ'. ಯಾರೋ ದಿನಾ ಉದ್ದದ ಕೋಲು ಹಿಡಕೊಂಡು ಇವರ ಬಸ್ ಹತ್ತುತ್ತಿದ್ದರಂತೆ. ಎಲ್ಲಾ ಬರೆದು ಮುಗಿಸಿ, ಅಂಚಿನಲ್ಲಿ ಅವರಿಗೆ ಜಾಗ ಮಾಡೋಕೆ ಎರಡು ವಾರ ಒದ್ದಾಡಿದ್ದಾರೆ ಇವರು. ಬಸ್ ತಿರುವಿನಲ್ಲಿ ವಾಲೋದು ಕಾಣಲಿ ಅಂತ ಹಾಳೆಯನ್ನೇ ಓರೆಯಾಗಿ ಕತ್ತರಿಸಿದ್ರು. ನನಗಂತೂ ಇಡೀ ಚಿತ್ರದಲ್ಲಿ ಅದೇ ಇಷ್ಟ."

ಆ ಯಾರೋ ನಾನೇ. ಟೀಚರ್ ನನ್ನ ಮುಖ ನೋಡಿದರು, ಮೇಜಿನ ಮೇಲಿದ್ದ ಚಾಕು ನೋಡಿದರು, ಅಳತೆ ಬರೆಯದೇ ಹೋದರು.

ಚೂರುಪಾರು ಹಾಕುವ ಡಬ್ಬ ನೆಲಕ್ಕೆ ಸುರಿದು ಹುಡುಕಿದೆ. ಇರಲಿಲ್ಲ. ಆಗ ನೆನಪಾಯಿತು. ದಪ್ಪ ಕಾಗದದ ಪಟ್ಟಿಯನ್ನು ನಾವು ಬಿಸಾಡುವುದಿಲ್ಲ. ಕಟ್ಟಿನೊಳಗೆ ಫೋಟೋ ಸಡಿಲವಾದರೆ ಸಂದಿಗೆ ತುರುಕಲು ಅದೇ ಬೇಕು. ಬುಧವಾರ ಸಂಜೆ ಹಲ್ಲಿನ ಡಾಕ್ಟರ ಕಾಲೇಜಿನ ಗುಂಪು ಫೋಟೋ ಕಟ್ಟಿದ್ದೆ, ಅದು ಲೊಡಲೊಡ ಎನ್ನುತ್ತಿತ್ತು. ಕೈಗೆ ಸಿಕ್ಕ ಪಟ್ಟಿಯನ್ನು ಮೂರು ತುಂಡು ಮಾಡಿ ಮೂರು ಕಡೆ ತುರುಕಿ, ಹಿಂದಿನ ಹಲಗೆ ಹಾಕಿ ಮೊಳೆ ಹೊಡೆದು ಕಳಿಸಿದ್ದೆ.

ಇಕ್ಕಳ ಜೇಬಿಗೆ ಹಾಕಿಕೊಂಡು ಓಡಿದೆ. ಡಾಕ್ಟರ ಹೊರಕೋಣೆಯಲ್ಲಿ ಕೆನ್ನೆ ಹಿಡಿದುಕೊಂಡ ನಾಲ್ಕು ಜನ ಕೂತಿದ್ದರು, ಅವರ ತಲೆಯ ಮೇಲೇ ಆ ಫೋಟೋ. ಕೆನ್ನೆ ಊದಿದ ಹೆಂಗಸೊಬ್ಬರು ನನ್ನ ಕೈಲಿದ್ದ ಇಕ್ಕಳ ನೋಡಿ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಸದ್ದಿಗೆ ಡಾಕ್ಟರು ಹೊರಗೆ ಬಂದರು.

"ಡಾಕ್ಟರೇ, ನಿಮ್ಮ ಫೋಟೋ ಒಂದು ಸಲ ಬಿಚ್ಚಬೇಕು."

"ಯಾಕೆ, ಅದಕ್ಕೇನು ನೋವು?"

"ಬೇರೆಯವರ ವಸ್ತು ಒಳಗೆ ಸಿಕ್ಕಿಕೊಂಡಿದೆ."

ಅವರು ಒಳ್ಳೆಯವರು, ಕುರ್ಚಿ ಖಾಲಿ ಮಾಡಿಸಿಕೊಟ್ಟರು. ನಾನು ಒಂದೊಂದೇ ಮೊಳೆ ಕೀಳುತ್ತಿದ್ದರೆ ಪಕ್ಕದಲ್ಲಿ ನಿಂತು, "ನಿಧಾನ, ಬೇರು ಸಮೇತ ಬರಬೇಕು," ಎಂದು ತಮಾಷೆ ಮಾಡಿದರು. ಮೂರು ತುಂಡೂ ಬಂದವು. ಒಂದಕ್ಕೆ ಮೊಳೆ ತೂರಿ ತೂತಾಗಿತ್ತು. ಅಂಗೈ ಮೇಲೆ ಜೋಡಿಸಿ ಬೆಳಕಿಗೆ ಹಿಡಿದೆ. ಕಂದು ಗೀಟಿನ ಉದ್ದಕ್ಕೆ ಸಣ್ಣ ಚಿನ್ನದ ಬಣ್ಣದ ಗೆರೆ, ನಾನು ಆಗ ತರುತ್ತಿದ್ದ ಕೋಲಿಗೆ ಇದ್ದ ಹಾಗೇ. ಪಕ್ಕದ ನೀಲಿ ಒರೆಸಿದ್ದಲ್ಲ, ಅಂಗಿಯ ತೋಳು. ಅದರ ಮೇಲೆ ಒಂದೇ ಒಂದು ಗುಂಡಿ ಕೂಡ ಬರೆದಿದ್ದಳು. ಆ ನೀಲಿ ಅಂಗಿ ಆಗ ನನ್ನ ಹತ್ತಿರ ಇತ್ತು. ಅದಕ್ಕೆ ತೋಳಿನ ಗುಂಡಿ ಒಂದೇ ಉಳಿದಿತ್ತು, ಇನ್ನೊಂದು ಕಿತ್ತುಹೋಗಿತ್ತು.

"ಏನ್ರೀ ಇದು?" ಎಂದರು ಡಾಕ್ಟರು.

"ನಾನು," ಎಂದೆ.

ಫೋಟೋಗೆ ಬೇರೆ ಪಟ್ಟಿ ತುರುಕಿ, ಗೋಡೆಗೆ ಹಾಕಿ, ನೆಟ್ಟಗಿದೆಯಾ ಎಂದು ನೋಡದೆ ಹೊರಟೆ.

ಸಂಜೆ ಮನೆಗೆ ಹೋಗಿ, ಕಟ್ಟು ಬಿಚ್ಚಿದ ಚಿತ್ರವನ್ನೂ ಮೂರು ತುಂಡನ್ನೂ ಊಟದ ಮೇಜಿನ ಮೇಲೆ ಇಟ್ಟು ಎಲ್ಲ ಹೇಳಿದೆ. ನೆಪ ಹೇಳಲಿಲ್ಲ, ಅಥವಾ ಒಂದೇ ಒಂದು ಹೇಳಿದೆ, "ಅಂಚು ಸೊಟ್ಟ ಇತ್ತು" ಎಂದು. ಅವಳು ತುಂಡುಗಳನ್ನು ಚಿತ್ರದ ಪಕ್ಕ ಇಟ್ಟು ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಎದ್ದು ಹೋಗಿ ಕುಂಚಗಳನ್ನು ತೊಳೆದಳು, ಒಣಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಬೀರುವಿನ ಮೇಲೆ, ಗೋಡೆಯ ಕಡೆಗೆ ತಳ್ಳಿ ಇಟ್ಟಳು.

"ಭಾನುವಾರ ಬರಲ್ಲ ಅಂತ ಟೀಚರ್‌ಗೆ ಹೇಳಿಬಿಡಿ," ಎಂದಳು.

"ನೀನು ಮೊದಲೇ ಹೇಳಬಾರದಿತ್ತಾ, ಅದು ನಾನು ಅಂತ?"

"ನೋಡಿದ್ರೆ ಗೊತ್ತಾಗುತ್ತೆ ಅಂದುಕೊಂಡಿದ್ದೆ."

ಅವತ್ತು ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಶುಕ್ರವಾರ ಟೀಚರ್‌ಗೆ ನಾನು ಏನೂ ಹೇಳಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು, ಚಿತ್ರವನ್ನು ಗೋಡೆಗೆ ಒರಗಿಸಿ, ಸ್ಟೂಲು ಹಾಕಿಕೊಂಡು ಎದುರಿಗೆ ಕೂತೆ. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಸಾವಿರ ಚಿತ್ರ ನನ್ನ ಕೈಮೇಲೆ ಹೋಗಿದ್ದಾವೋ, ಅಂಚು ಬಿಟ್ಟು ಒಳಗೆ ಏನಿದೆ ಎಂದು ನೋಡಿದವನಲ್ಲ ನಾನು.

ಮೊದಮೊದಲು ಏನೂ ಕಾಣಲಿಲ್ಲ. ಸಿಟ್ಟೇ ಬಂತು. ಮರ ಬರೆಯುವವಳು ಮರದ ಹಾಗೆ ಬರೆಯಬಾರದಾ ಎಂದು ಗೊಣಗಿದೆ. ಆಮೇಲೆ ಆ ಹಳದಿ ಗೆರೆಗಳು ಕಂಬಿಗಳು ಎಂದು ಹೊಳೆಯಿತು, ಬಸ್ಸಿನಲ್ಲಿ ಕೈ ಹಿಡಿಯುವ ಕಂಬಿಗಳು. ಅದು ಹೊಳೆದದ್ದೇ ತಡ, ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು. ಹಸಿರು ತುಂಬಿದ ತ್ರಿಕೋನ ಯಾರದೋ ಮಡಿಸಿದ ಮೊಣಕೈ ಸಂದು. ಆ ಸಂದಿಯಲ್ಲಿ ಎಲೆ. ಕಂದು ಚೌಕದ ಮೇಲೆ ಅಡ್ಡ ಬಿದ್ದದ್ದು ಸೀಟಿನಲ್ಲಿ ಕೂತವರೊಬ್ಬರ ತಲೆಯ ನೆರಳು. ಮೂರು ಕಾಂಡ ಇವೆ ಎಂದುಕೊಂಡಿದ್ದೆ. ಒಂದು ತೆಳ್ಳಗೆ, ಒಂದು ಅಗಲವಾಗಿ ಕಣ್ಣಿಗೆ ಬಡಿಯುವ ಹಾಗೆ, ಇನ್ನೊಂದು ಮತ್ತೆ ತೆಳ್ಳಗೆ. ಮೂರರ ಮೇಲೂ ಕೊಂಬೆ ಕಡಿದ ಗುಂಡಗಿನ ಗಾಯ. ಮೊದಲನೆಯದರಲ್ಲಿ ಅದು ಎಡಕ್ಕೆ, ಎರಡನೆಯದರಲ್ಲಿ ನಟ್ಟನಡುವೆ, ಮೂರನೆಯದರಲ್ಲಿ ಬಲಕ್ಕೆ. ಅವು ಮೂರು ಮರ ಅಲ್ಲ. ಒಂದೇ ಮರ, ಎದುರಿಗೆ ಬಂದದ್ದು, ಪಕ್ಕಕ್ಕೆ ನಿಂತದ್ದು, ಹಿಂದಕ್ಕೆ ಹೋದದ್ದು.

ಆ ಗಾಯ ನನಗೆ ಗೊತ್ತಿತ್ತು. ಸಾಮಿಲ್ ಸ್ಟಾಪಿನ ಮರ ಅದು. ಎರಡು ವರ್ಷ ಅದರ ಬುಡದಲ್ಲೇ ಕೋಲು ಒರಗಿಸಿ ಬಸ್ಸಿಗೆ ಕಾದಿದ್ದೇನೆ. ಅದರ ಎಡಕ್ಕೆ ನಾನು ನಿಂತು ನೋಡಿದ್ದು ಒಂದೇ ಮಗ್ಗುಲು. ಇವಳು ಮೂವತ್ತೊಂದು ವರ್ಷ, ಜನರ ಕಂಕುಳ ಸಂದಿಯಿಂದ, ಚಿಲ್ಲರೆ ಎಣಿಸುತ್ತಾ, ಒಂದೊಂದು ಸಲ ಒಂದೊಂದು ಚೂರು ನೋಡಿದ್ದಳು. ಎಲ್ಲ ಚೂರನ್ನೂ ಕಳೆಯದೆ ಇಟ್ಟುಕೊಂಡಿದ್ದಳು. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ಅಷ್ಟು ಚೆಂದದ ಚಿತ್ರ ಅದು.

ಎದ್ದು ಕೋಲು ತೆಗೆದೆ. ಮೂಲೆ ಕೂಡಿಸಲು ನಾವು ಕೋಲಿನ ತುದಿಯನ್ನು ನಲವತ್ತೈದು ಡಿಗ್ರಿಗೆ ಕೊಯ್ಯುತ್ತೇವೆ, ನಿದ್ದೆಯಲ್ಲೂ ಅಷ್ಟಕ್ಕೇ ಕೊಯ್ದೇನು. ಅವತ್ತು ಬಲಗಡೆ ಮೇಲಿನ ಮೂಲೆಗೆ ನಲವತ್ನಾಲ್ಕು, ಕೆಳಗಿನದಕ್ಕೆ ನಲವತ್ತಾರು ಇಟ್ಟೆ. ಎರಡು ಕೋಲು ಹಾಳಾದವು. ಗಾಜನ್ನೂ ಓರೆಯಾಗಿ ಕೊಯ್ದೆ. ಕತ್ತರಿಸಿದ ತುಂಡುಗಳಿಗೆ ಜಾಗ ಇರಲಿ ಎಂದು ಅಗಲ ಒಂದು ಬೆರಳು ಹೆಚ್ಚೇ ಬಿಟ್ಟೆ. ಶನಿವಾರ ಮಧ್ಯಾಹ್ನಕ್ಕೆ, ಬುದ್ಧಿ ಇದ್ದವರು ಯಾರೂ ಹಣ ಕೊಟ್ಟು ಕೊಳ್ಳದಂಥ ಒಂದು ಕಟ್ಟು ತಯಾರಾಯಿತು.

ಮನೆಗೆ ತಂದು ಅವಳ ಮುಂದೆ ಇಟ್ಟೆ. ಜೊತೆಗೆ ಮೂಲೆಮಟ್ಟವನ್ನೂ ಇಟ್ಟೆ.

"ಇದು ಸಾಮಿಲ್ ಸ್ಟಾಪಿನ ಮರ," ಎಂದೆ. "ಮೂರಲ್ಲ, ಒಂದೇ. ನನಗೆ ಗೊತ್ತಾಗೋಕೆ ಒಂದು ದಿನ ಬೇಕಾಯ್ತು. ಗೊತ್ತಾಯ್ತು."

ಅವಳು ನನ್ನನ್ನು ನೋಡಿದಳು. ಆಮೇಲೆ ಮಟ್ಟ ಎತ್ತಿಕೊಂಡಳು. ಎಡಗಡೆ ಮೂಲೆಗಳಿಗೆ ಇಟ್ಟಳು, ಸರಿಯಾಗಿ ಕೂತಿತು. ಬಲಗಡೆಗೆ ಇಟ್ಟು, ನಾನು ಹಿಡಿಯುವ ಹಾಗೇ ಕಿಟಕಿಯ ಕಡೆ ಹಿಡಿದಳು.

"ಬೆಳಕು ಕಾಣ್ತಿದೆ ರೀ," ಎಂದಳು.

"ಕಾಣಲಿ."

"ನಿಮ್ಮ ಕೈಲಿ? ಸೊಟ್ಟ ಕಟ್ಟು?"

"ಸೊಟ್ಟ ಅಲ್ಲ ಕಣೇ. ಬಸ್ಸು ವಾಲಿದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಮಟ್ಟವನ್ನು ಮೇಜಿಗೆ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಅದರಲ್ಲಿ ಅಳುವೂ ಸ್ವಲ್ಪ ಇತ್ತು. ಆಮೇಲೆ ಸ್ಟೂಲು ಎಳೆದು ಹತ್ತಿ, ಬೀರುವಿನ ಮೇಲಿಂದ ಕುಂಚದ ಗಂಟು ಇಳಿಸಿದಳು. ದಾರ ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು.

ಗಾಜು ಕೂರಿಸುವ ಮೊದಲು ಮೂರು ತುಂಡನ್ನೂ ಚಿತ್ರದ ಪಕ್ಕ ಅವಳೇ ಅಂಟಿಸಿದಳು. ನಾನು ಒಂದರ ಕೆಳಗೊಂದು ನೇರ ಜೋಡಿಸಲು ಹೋದರೆ ಕೈಮೇಲೆ ಒಂದು ಏಟು ಕೊಟ್ಟಳು. "ಯಾವತ್ತಾದ್ರೂ ಆ ಕೋಲನ್ನ ನೆಟ್ಟಗೆ ಹಿಡಿದು ನಿಂತಿದ್ರಾ ನೀವು? ಅಜ್ಜನ ಕಡೆ ಒಂದು ಸಲ, ಕಿಟಕಿ ಕಡೆ ಒಂದು ಸಲ." ಒಂದು ತುಂಡು ಸ್ವಲ್ಪ ಆಚೆ, ಒಂದು ಈಚೆ, ನಡುವೆ ಸಂದಿ ಬಿಟ್ಟು ಕೂರಿಸಿದಳು. ಮೊಳೆಯ ತೂತಿನ ಮೇಲೆ ಎರಡನೇ ಗುಂಡಿ ಬರೆದಳು. "ಮದುವೆಯಾದ ಮೇಲೆ ನಾನೇ ಹೊಲಿದುಕೊಟ್ಟಿದ್ದೆ, ನೆನಪಿದೆಯಾ?" ಎಂದಳು. ನೆನಪಿರಲಿಲ್ಲ. ಇದೆ ಎಂದೆ.

ಭಾನುವಾರ ಬಾಡಿಗೆ ಗಾಡಿ ತರುತ್ತೇನೆ ಎಂದರೆ ಬೇಡ ಎಂದಳು. ಒಂಬತ್ತನೇ ನಂಬರೇ ಹತ್ತಿದೆವು. ಯಾರೋ ಎದ್ದು ಜಾಗ ಬಿಟ್ಟುಕೊಟ್ಟರು, ಇವಳು ಕೂರಲಿಲ್ಲ. ಕಂಬಿ ಹಿಡಿದು ನಡುವೆ ನಿಂತಳು. ನಾನು ಹಳೇ ಪೇಪರಿನಲ್ಲಿ ಸುತ್ತಿದ ಚಿತ್ರ ಅಪ್ಪಿಕೊಂಡು ಹಿಂದಿನ ಬಾಗಿಲ ಹತ್ತಿರ ನಿಂತೆ. ಕಂಡಕ್ಟರ್ ಬಂದಳು, ಸಣ್ಣ ವಯಸ್ಸಿನ ಹುಡುಗಿ.

"ಇದು ಲಗೇಜ್ ಆಗುತ್ತೆ."

"ಕೈಯಲ್ಲಿ ಹಿಡಿದಿರೋದು ಲಗೇಜ್ ಹೇಗ್..." ಎಂದು ಶುರುಮಾಡಿದೆ. ನಡುವಿನಿಂದ ನನ್ನ ಹೆಂಡತಿ ಒಂದು ನೋಟ ಕೊಟ್ಟಳು. ತೆಪ್ಪಗೆ ದುಡ್ಡು ತೆಗೆದೆ.

ಟಿಕೆಟ್ ಕೊಡುವಾಗ ಪೇಪರಿನ ಮೂಲೆ ಜಾರಿತು. ಹುಡುಗಿ ಬಗ್ಗಿ ನೋಡಿದಳು. "ಏನು ಚಿತ್ರ ಇದು?" ಎಂದಳು.

"ಮರಗಳು," ಎಂದೆ, ಮತ್ತು ಪೇಪರನ್ನು ಪೂರ್ತಿ ಸರಿಸಿದೆ.

ಅವಳು ಕಂಬಿಗೆ ಒರಗಿ, ಚೀಲ ಹಿಂದಕ್ಕೆ ತಳ್ಳಿ, ಸ್ವಲ್ಪ ಹೊತ್ತು ನೋಡಿದಳು. ಕ್ಲಾಸಿನ ಟೀಚರ್ ಎರಡು ವರ್ಷ ಹೇಳಿಕೊಟ್ಟದ್ದನ್ನು, ನಾನು ಒಂದು ದಿನ ಸ್ಟೂಲಿನ ಮೇಲೆ ಕೂತು ತಿಳಿದದ್ದನ್ನು, ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ.

"ಸಾಮಿಲ್ ಸ್ಟಾಪಿನ ಮರ ಅಲ್ವಾ? ಹೀಗೇ ಕಾಣೋದು ಅದು ನಮಗೆ," ಎಂದಳು.

ನನ್ನ ಹೆಂಡತಿ ಜನರನ್ನು ದಾಟಿಕೊಂಡು ಹಿಂದಕ್ಕೆ ಬಂದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಹುಡುಗಿ ಅಂಚಿನ ಮೇಲೆ ಬೆರಳಿಟ್ಟು ಕೇಳಿದಳು, "ಇಲ್ಲಿ ತುಂಡುತುಂಡಾಗಿ ಇರೋದೇನಮ್ಮಾ?"

"ಅದು ಲಗೇಜು," ಎಂದಳು ನನ್ನ ಹೆಂಡತಿ. "ಅದಕ್ಕೆ ಟಿಕೆಟ್ ಆಗಿದೆ, ನೀವು ಮುಂದೆ ಹೋಗಿ."